ಫೈಬರ್ ದೋಣಿಯ ಹಳೆಯ ಬಣ್ಣವನ್ನು ಜೆಲ್‌ಕೋಟ್‌ಗೆ ಪೆಟ್ಟಾಗದಂತೆ ತೆಗೆಯುವುದು ಹೇಗೆ?

ಪ್ರಶ್ನೆ: ಪಂಚಗಂಗಾವಳಿ ತೀರ

ಬಲ್ಲವರಿಗೆಲ್ಲ ನಮಸ್ಕಾರ. ಗಂಗೊಳ್ಳಿಯಲ್ಲಿ ನಮ್ಮದೊಂದು 24 ಅಡಿ ಉದ್ದದ ಫೈಬರ್ ದೋಣಿ ಇದೆ. 25 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಕಟ್ಟಿ ಗಿಲ್‌ನೆಟ್ ಮೀನುಗಾರಿಕೆ ಮಾಡುತ್ತೇವೆ. ಹಿಂದಿನ ಮಾಲಕರಿಂದ ಕೊಂಡುಕೊಂಡಾಗಲೇ ಅದರ ಮೇಲೆ ಹಲವು ಸುತ್ತು ಬಣ್ಣವಿತ್ತು. ನೀರಿನ ಮಟ್ಟಕ್ಕಿಂತ ಕೆಳಗೆ ಪಾಚಿ, ಚಿಪ್ಪು ಹಿಡಿಯದಂತೆ ಹಚ್ಚುವ ಕೆಂಪು ಆಂಟಿಫೌಲಿಂಗ್, ಅದರಿಂದ ಮೇಲಕ್ಕೆ ನೀಲಿ ಎನಾಮೆಲ್. ಪ್ರತಿ ವರ್ಷ ಹಳೆಯದರ ಮೇಲೆಯೇ ಹೊಸದನ್ನು ಹಚ್ಚುತ್ತ ಬಂದಿದ್ದಾರೆ. ಈಗ ತಳದ ಬಣ್ಣ ಅಲ್ಲಲ್ಲಿ ಅಂಗೈ ಅಗಲದ ಚಕ್ಕೆಗಳಾಗಿ ಏಳುತ್ತಿದೆ, ಮೈಯೆಲ್ಲ ತಗ್ಗುದಿಣ್ಣೆಯಾಗಿದೆ, ಎಂಜಿನ್ ಅದೇ ಇದ್ದರೂ ದೋಣಿ ಮೊದಲಿನ ವೇಗದಲ್ಲಿ ಓಡುತ್ತಿಲ್ಲ.

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ದೋಣಿಯನ್ನು ದಡಕ್ಕೆ ಎಳೆದು, ಹಳೆಯ ಬಣ್ಣವನ್ನೆಲ್ಲ ತೆಗೆದು ಹೊಸದಾಗಿ ಹಚ್ಚಬೇಕೆಂದುಕೊಂಡಿದ್ದೇನೆ. ಊರಿನಲ್ಲಿ ವಿಚಾರಿಸಿದರೆ ಒಬ್ಬೊಬ್ಬರದು ಒಂದೊಂದು ಮಾತು. ಹಾರ್ಡ್‌ವೇರ್ ಅಂಗಡಿಯ ಪೇಂಟ್ ರಿಮೂವರ್ ಬಳಿದರೆ ಅರ್ಧ ಗಂಟೆಯಲ್ಲಿ ಕಿತ್ತು ಬರುತ್ತದೆ ಎನ್ನುತ್ತಾರೆ ಕೆಲವರು. ಹಾಟ್ ಏರ್ ಗನ್ ಹಿಡಿದು ಬಿಸಿ ಮಾಡಿ ಕೆರೆಯಬೇಕು ಎಂಬುದು ಇನ್ನು ಕೆಲವರ ಸಲಹೆ. ಮರದ ಬಾಗಿಲಿನ ಬಣ್ಣ ತೆಗೆಯುವ ಹಾಗೆ ಕಾಸ್ಟಿಕ್ ಸೋಡಾ ನೀರು ಹಾಕಿ ಎಂದವರೂ ಇದ್ದಾರೆ. ಗ್ರೈಂಡರ್ ಹಿಡಿದರೆ ಒಂದೇ ದಿನದ ಕೆಲಸವೆಂದು ಬಣ್ಣದವರೊಬ್ಬರು ಹೇಳಿದರು. ಬಣ್ಣದ ಕೆಳಗಿರುವ ಜೆಲ್‌ಕೋಟ್ ಹೋದರೆ ದೋಣಿಯ ಆಯುಷ್ಯವೇ ಹೋಗುತ್ತದೆ ಎಂದು ಕೇಳಿರುವುದರಿಂದ ಯಾವುದಕ್ಕೂ ಕೈ ಹಾಕದೆ ಇಲ್ಲಿ ಕೇಳುತ್ತಿದ್ದೇನೆ. ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಮಲ್ಪೆ ಫೈಬರ್ ಕೆಲಸ

ಕೈ ಹಾಕುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ನೀವು ಪಟ್ಟಿ ಮಾಡಿರುವ ನಾಲ್ಕು ವಿಧಾನಗಳಲ್ಲಿ ಒಂದನ್ನೂ ನಾನು ಫೈಬರ್ ದೋಣಿಗೆ ಒಪ್ಪುವುದಿಲ್ಲ. ಏಕೆಂದು ಹೇಳಿದರೆ ಸರಿಯಾದ ದಾರಿ ಯಾವುದೆಂಬುದು ಅರ್ಧದಷ್ಟು ತಾನಾಗಿಯೇ ತಿಳಿಯುತ್ತದೆ.

ದೋಣಿಯ ಗೋಡೆ ಎಂದರೆ ಗಾಜಿನ ನೂಲಿನ ಮ್ಯಾಟ್ ಮತ್ತು ರೋವಿಂಗ್ ಬಟ್ಟೆಯ ಪದರಗಳನ್ನು ಪಾಲಿಯೆಸ್ಟರ್ ರೆಸಿನ್‌ನಲ್ಲಿ ನೆನೆಸಿ ಗಟ್ಟಿ ಮಾಡಿದ್ದು. ಅದರ ಹೊರಗೆ ಬಣ್ಣ ಬೆರೆಸಿದ ರೆಸಿನ್‌ನದೇ ಒಂದು ತೆಳುವಾದ ಚರ್ಮವಿರುತ್ತದೆ, ಅದೇ ಜೆಲ್‌ಕೋಟ್. ಅಚ್ಚಿಗೆ ಮೊದಲು ಹಚ್ಚುವುದು ಅದನ್ನೇ. ಅದರ ದಪ್ಪ ಹೆಚ್ಚೆಂದರೆ ಅರ್ಧ ಮಿಲಿಮೀಟರಿನ ಆಸುಪಾಸು. ನೀರು ಒಳಗಿನ ಗಾಜಿನ ನೂಲಿಗೆ ತಲುಪದಂತೆ ತಡೆಯುವುದು ಆ ಅರ್ಧ ಮಿಲಿಮೀಟರು. ನಿಮ್ಮ ದೋಣಿಯ ಮೇಲಿರುವ ಹಳೆಯ ಬಣ್ಣದ ಪದರಗಳು ಅದಕ್ಕಿಂತ ದಪ್ಪವಾಗಿದ್ದರೆ ಆಶ್ಚರ್ಯವಿಲ್ಲ. ಬಣ್ಣಕ್ಕೂ ಜೆಲ್‌ಕೋಟ್‌ಗೂ ಗಡಸುತನದಲ್ಲಿ ಇರುವ ವ್ಯತ್ಯಾಸವನ್ನೇ ನಂಬಿಕೊಂಡು, ಮೆತ್ತಗಿನದನ್ನು ತೆಗೆದು ಗಟ್ಟಿಯದನ್ನು ಉಳಿಸುವುದು ಈ ಇಡೀ ಕೆಲಸದ ಗುಟ್ಟು.

ಗ್ರೈಂಡರ್‌ಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಒಂದು ಕ್ಷಣ ಡಿಸ್ಕಿನ ಅಂಚು ವಾಲಿದರೆ ಅರ್ಧಚಂದ್ರಾಕಾರದ ತಗ್ಗು ಬಿದ್ದು, ಮ್ಯಾಟ್‌ನ ನೂಲುಗಳು ಬೂದು ಗೆರೆಗಳಾಗಿ ಕಾಣಿಸಿಬಿಡುತ್ತವೆ. ಹಾಟ್ ಏರ್ ಗನ್‌ನಿಂದ ಹೊರಬರುವ ಗಾಳಿ 300 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿರುತ್ತದೆ. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ 60ರಿಂದ 80 ಡಿಗ್ರಿಯ ಒಳಗೇ ತನ್ನ ಬಿಗಿ ಕಳೆದುಕೊಳ್ಳತೊಡಗುತ್ತದೆ. ಬಣ್ಣ ಮೆತ್ತಗಾಗುವಷ್ಟರಲ್ಲಿ ಕೆಳಗಿನ ಜೆಲ್‌ಕೋಟ್ ಕೂಡ ಬೆಂದಿರುತ್ತದೆ. ಆಂಟಿಫೌಲಿಂಗ್ ಬಣ್ಣವನ್ನು ಸುಟ್ಟಾಗ ಬರುವ ಹೊಗೆಯ ವಿಷಯ ಬೇರೆಯೇ ಇದೆ.

ಅಂಗಡಿಯ ಪೇಂಟ್ ರಿಮೂವರ್ ಮರಕ್ಕೆ, ಕಬ್ಬಿಣಕ್ಕೆ ಎಂದು ಮಾಡಿದ್ದು. ಅವುಗಳಲ್ಲಿ ಬಹಳಷ್ಟರಲ್ಲಿ ಮಿಥಿಲೀನ್ ಕ್ಲೋರೈಡ್ ಇರುತ್ತದೆ. ಡಬ್ಬಿಯ ಮೇಲೆ ಡೈಕ್ಲೋರೋಮೀಥೇನ್ ಎಂದಿದ್ದರೂ ಅದು ಇದೇ. ಇದು ಬಣ್ಣವನ್ನು ಉಬ್ಬಿಸುವಷ್ಟೇ ಸುಲಭವಾಗಿ ಪಾಲಿಯೆಸ್ಟರನ್ನೂ ಉಬ್ಬಿಸಿ ಮೆತ್ತಗೆ ಮಾಡುತ್ತದೆ. ನಮ್ಮ ಕಡೆಯಲ್ಲೇ ಒಂದು ದೋಣಿಗೆ ಇದನ್ನು ಬಳಿದು ಊಟಕ್ಕೆ ಹೋಗಿ ಬಂದಾಗ, ಕೆರೆಯುವ ಪಟ್ಟಿಗೆ ಬಣ್ಣದ ಜೊತೆ ಬಿಳಿಯ ಜೆಲ್‌ಕೋಟ್ ಕೂಡ ಬೆಣ್ಣೆಯ ಹಾಗೆ ಎದ್ದು ಬಂದದ್ದನ್ನು ನೋಡಿದ್ದೇನೆ. ಆವಿಯೂ ಪ್ರಾಣಾಪಾಯದ್ದು, ಮುಚ್ಚಿದ ಜಾಗದಲ್ಲಿ ಇದನ್ನು ಬಳಸಿ ಜನ ಸತ್ತಿರುವ ಕಾರಣಕ್ಕೇ ಅಮೆರಿಕದಲ್ಲಿ ಮನೆಬಳಕೆಯ ರಿಮೂವರ್‌ಗಳಲ್ಲಿ ಇದರ ಮಾರಾಟವನ್ನು 2019ರಲ್ಲಿ ನಿಲ್ಲಿಸಿದರು. ಕಾಸ್ಟಿಕ್ ಸೋಡಾ ಅಂತೂ ಪಾಲಿಯೆಸ್ಟರಿನ ನೇರ ಶತ್ರು. ಆ ರೆಸಿನ್ನಿನ ಕಣಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಎಸ್ಟರ್ ಬಂಧವನ್ನೇ ಕ್ಷಾರ ಕಡಿಯುತ್ತದೆ.

ಹಾಗಾದರೆ ಏನು ಮಾಡಬೇಕು? ದೋಣಿಯನ್ನು ಎಳೆದ ದಿನವೇ, ತಳ ಇನ್ನೂ ಒದ್ದೆಯಿರುವಾಗ, ಪ್ರೆಷರ್ ವಾಷರ್‌ನಿಂದ ಪಾಚಿ, ಚಿಪ್ಪುಗಳನ್ನು ತೊಳೆಯಿರಿ. ಒಣಗಿದ ಮೇಲೆ ಚಿಪ್ಪಿನ ಬುಡ ಕಲ್ಲಾಗುತ್ತದೆ. ಸಡಿಲವಾಗಿರುವ ಬಣ್ಣ ಆಗಲೇ ಬಹಳಷ್ಟು ಹೋಗುತ್ತದೆ. ನೀರಿನ ನಳಿಗೆಯನ್ನು ಒಂದು ಅಡಿಗಿಂತ ಹತ್ತಿರ ಹಿಡಿಯಬೇಡಿ, ಬಿರುಕಿರುವ ಕಡೆ ನೇರವಾಗಿ ಹೊಡೆಯಬೇಡಿ.

ಆಮೇಲೆ ಸ್ಕ್ರೇಪರ್. ಎಳೆದು ಕೆರೆಯುವ, ಕಾರ್ಬೈಡ್ ಅಲಗಿನ ಸ್ಕ್ರೇಪರ್ ಸಿಕ್ಕಿದರೆ ಉತ್ತಮ. ಅದರ ಎರಡು ಮೂಲೆಗಳನ್ನು ಅರದಿಂದಲೋ ಗ್ರೈಂಡಿಂಗ್ ಕಲ್ಲಿನಿಂದಲೋ ದುಂಡಗೆ ಮಾಡಿಕೊಳ್ಳದೆ ದೋಣಿಯನ್ನು ಮುಟ್ಟಬೇಡಿ. ಜೆಲ್‌ಕೋಟ್‌ನ ಮೇಲೆ ಬೀಳುವ ಉದ್ದುದ್ದ ಗೀರುಗಳೆಲ್ಲ ಆ ಚೂಪಾದ ಮೂಲೆಗಳ ಕೆಲಸ. ಅಲಗನ್ನು ಮೈಗೆ ಚಪ್ಪಟೆಯಾಗಿ ಇಟ್ಟು, ಎರಡೂ ಕೈಯ ಒತ್ತಡ ಸಮವಾಗಿ ಬೀಳುವಂತೆ, ಗೇಣುದ್ದದ ಎಳೆತಗಳಲ್ಲಿ ತನ್ನ ಕಡೆಗೆ ಎಳೆಯಬೇಕು. ಮಂದ ಅಲಗು ಹೆಚ್ಚು ಒತ್ತಡ ಬೇಡುತ್ತದೆ, ಹೆಚ್ಚು ಒತ್ತಿದಾಗಲೇ ಜಾರಿ ಗೀರುತ್ತದೆ. ಆದ್ದರಿಂದ ಅಲಗು ಹರಿತವಾಗಿಯೇ ಇರಲಿ. ಬಣ್ಣದಲ್ಲಿ ಅಲಗು ಓಡುವಾಗ ಕರಕರ ಸದ್ದು ಬರುತ್ತದೆ, ಸುರುಳಿಯೋ ಚಕ್ಕೆಯೋ ಏಳುತ್ತದೆ. ಜೆಲ್‌ಕೋಟ್‌ಗೆ ತಾಗಿದೊಡನೆ ಸದ್ದು ಕೀರಲಾಗಿ, ಚಕ್ಕೆಯ ಬದಲು ನುಣ್ಣನೆಯ ಬಿಳಿ ಪುಡಿ ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಕು.

ಸ್ಕ್ರೇಪರ್‌ಗೆ ಜಗ್ಗದ ಗಟ್ಟಿ ಬಣ್ಣಕ್ಕೆ ಮಾತ್ರ ರಾಸಾಯನಿಕ ಬಳಸಿ. ಅದೂ ಫೈಬರ್‌ಗ್ಲಾಸ್‌ಗೆ ಸುರಕ್ಷಿತವೆಂದು ಡಬ್ಬಿಯ ಮೇಲೆ ಬರೆದಿರುವ, ಬೆಂಜೈಲ್ ಆಲ್ಕೋಹಾಲ್ ಮಾದರಿಯ ಲೇಪವನ್ನು. ಅದನ್ನು ದಪ್ಪಗೆ ಹಚ್ಚಿ ಪ್ಲಾಸ್ಟಿಕ್ ಹಾಳೆ ಮುಚ್ಚಿ ಗಂಟೆಗಟ್ಟಲೆ ಬಿಡಬೇಕಾಗುತ್ತದೆ. ಮೊದಲು ಹಿಂಬದಿಯಲ್ಲಿ ಅಂಗೈ ಅಗಲದ ಜಾಗದಲ್ಲಿ ಪರೀಕ್ಷಿಸಿ, ಕೆರೆದ ನಂತರ ಜೆಲ್‌ಕೋಟ್‌ಗೆ ಉಗುರು ಊರಿ ನೋಡಿ. ಉಗುರು ಇಳಿಯುವಂತಿದ್ದರೆ ಆ ಡಬ್ಬಿಯನ್ನು ಮುಚ್ಚಿಡಿ.

ಕೊನೆಯಲ್ಲಿ ಉಳಿಯುವ ಕಲೆಗಳಿಗೆ 80 ನಂಬರಿನ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳುಕಾಗದ. ಬಿಳಿ ಕಾಣತೊಡಗಿದ ಕೂಡಲೇ 120ಕ್ಕೆ ಬದಲಿಸಿಕೊಳ್ಳಿ. ತಳದ ಮೈಯನ್ನು ಅದಕ್ಕಿಂತ ನಯ ಮಾಡುವ ಅಗತ್ಯವಿಲ್ಲ, ಮುಂದಿನ ಪ್ರೈಮರ್ ಹಿಡಿಯಲು ತುಸು ಒರಟು ಬೇಕು. ಕಾಗದವನ್ನು ಮರದ ತುಂಡಿಗಲ್ಲ, ದಪ್ಪ ಫೋಮ್ ಪ್ಯಾಡಿಗೆ ಸುತ್ತಿಕೊಳ್ಳಿ. ದೋಣಿಯ ಬಾಗಿದ ಮೈಗೆ ಅದು ಹೊಂದಿಕೊಳ್ಳುತ್ತದೆ. ಯಂತ್ರವೇ ಬೇಕೆಂದರೆ ಧೂಳು ಹೀರುವ ವ್ಯವಸ್ಥೆಯಿರುವ ಆರ್ಬಿಟಲ್ ಸ್ಯಾಂಡರ್ ಸಾಕು. ಆದರೆ ನೀರು ಹಾಕಿ ಉಜ್ಜುವಾಗ ವಿದ್ಯುತ್ ಯಂತ್ರ ಕೂಡದು.

ಕಾಗದ ಹಿಡಿಯುವುದಕ್ಕೆ ಮೊದಲು ತಿನ್ನರ್ ಬಟ್ಟೆಯಿಂದ ಒಮ್ಮೆ ಒರೆಸಿ, ಅದು ಒಣಗುವ ಮುನ್ನ ಇನ್ನೊಂದು ಒಣ ಬಟ್ಟೆಯಿಂದ ತೆಗೆಯಿರಿ. ಎಂಜಿನ್ ಎಣ್ಣೆ, ಮೀನಿನ ಜಿಡ್ಡು ಇರುವ ಮೈಯನ್ನು ಹಾಗೆಯೇ ಉಜ್ಜಿದರೆ ಜಿಡ್ಡು ಗೀರುಗಳೊಳಗೆ ಕೂತುಬಿಡುತ್ತದೆ, ಆಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ.

ಉತ್ತರ: ತದಡಿ ಧಕ್ಕೆ

ಮೇಲಿನ ಅಣ್ಣನವರು ಹೇಳಿದ್ದೆಲ್ಲ ಸರಿ. ಆದರೆ ಪೂರ್ತಿ ಬಣ್ಣವನ್ನು ತೆಗೆಯಲೇಬೇಕೇ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ ಎನ್ನುತ್ತೇನೆ. ಎಷ್ಟೇ ಜಾಗ್ರತೆ ವಹಿಸಿದರೂ ಪ್ರತಿ ಬಾರಿ ಪೂರ್ತಿ ಕೆರೆದಾಗ ಜೆಲ್‌ಕೋಟ್ ಸ್ವಲ್ಪವಾದರೂ ಸವೆಯುತ್ತದೆ. ಬಣ್ಣ ಗಟ್ಟಿಯಾಗಿ ಹಿಡಿದಿರುವ ಜಾಗದಲ್ಲಿ ಚೂಪಾದ ಬ್ಲೇಡಿನಿಂದ ಗುಣಾಕಾರದ ಚಿಹ್ನೆಯಂತೆ ಎರಡು ಗೀರು ಹಾಕಿ. ಗೀರು ಬಣ್ಣದಷ್ಟೇ ಆಳವಿರಲಿ. ಅದರ ಮೇಲೆ ಒಳ್ಳೆಯ ಅಂಟುಪಟ್ಟಿಯನ್ನು ಒತ್ತಿ ಹಚ್ಚಿ ಒಮ್ಮೆಲೇ ಕೀಳಿ. ಬಣ್ಣ ಏಳದಿದ್ದರೆ ಅಲ್ಲಿನ ಹಳೆಯ ಪದರವನ್ನು ಒದ್ದೆಯಾಗಿ ಉಜ್ಜಿ, ನಡುವೆ ಟೈ ಕೋಟ್ (ಹಳೆಯದಕ್ಕೆ ಹೊಸದು ಹಿಡಿಯುವಂತೆ ಮಾಡುವ ಪದರ) ಕೊಟ್ಟು, ಹೊಸ ಬಣ್ಣ ಹಚ್ಚಬಹುದು. ನಾಲ್ಕೈದು ಕಡೆ ಹೀಗೆ ನೋಡಿ. ಬಹುಪಾಲು ಕಡೆ ಎದ್ದು ಬಂದರೆ ಮಾತ್ರ ಪೂರ್ತಿ ತೆಗೆಯಿರಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಆ ಕೆಂಪು ಬಣ್ಣದಲ್ಲಿರುವುದು ಹೆಚ್ಚಾಗಿ ಕ್ಯುಪ್ರಸ್ ಆಕ್ಸೈಡ್, ಅಂದರೆ ತಾಮ್ರ. ಜೀವಿಗಳನ್ನು ಕೊಲ್ಲುವುದಕ್ಕೆಂದೇ ಅದನ್ನು ಸೇರಿಸಿರುತ್ತಾರೆ. ದೋಣಿ ಎಷ್ಟು ಹಳೆಯದೋ ಗೊತ್ತಿಲ್ಲದಿದ್ದರೆ ತಳಪದರದಲ್ಲಿ ಟಿಬಿಟಿ ಎಂಬ ತವರದ ಸಂಯುಕ್ತವೂ ಇರಬಹುದೆಂದೇ ಭಾವಿಸಿ. ಅಂತಾರಾಷ್ಟ್ರೀಯ ಕಡಲ ಸಂಸ್ಥೆಯ ಒಪ್ಪಂದ ಅದನ್ನು ನಿಷೇಧಿಸಿ ಜಾರಿಗೆ ಬಂದದ್ದು 2008ರಲ್ಲಿ. ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ದೋಣಿಗಳ ಬಣ್ಣದಿಂದ ಸೋರಿದ ಇದೇ ಟಿಬಿಟಿಯಿಂದ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಾಗಿ, ಮರಿಗಳು ಬದುಕದೆ, ಅಲ್ಲಿನ ಸಿಂಪಿ ಕೃಷಿಯೇ ಕುಸಿದಿತ್ತು. ಆ ದೇಶ 1982ರಲ್ಲೇ ಸಣ್ಣ ದೋಣಿಗಳಿಗೆ ಅದನ್ನು ಹಚ್ಚುವುದನ್ನು ನಿರ್ಬಂಧಿಸಿತು. ಇಲ್ಲಿ ಅಘನಾಶಿನಿ ನದಿಯ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕಿ ಬದುಕುವ ನೂರಾರು ಮನೆಗಳಿವೆ. ಅಳಿವೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತೆಂದು ನಾವೆಲ್ಲ ಸಂತೋಷಪಟ್ಟೆವು. ಅದೇ ದಡದಲ್ಲಿ ದೋಣಿ ಕೆರೆದ ಕೆಂಪು ಪುಡಿಯನ್ನು ಇಳಿತದ ನೀರಿಗೆ ಬಿಟ್ಟರೆ ಆ ಬಳಚು ನೀರು ಸೋಸುವಾಗ ಅದನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ನಿಮ್ಮ ಗಂಗೊಳ್ಳಿಯ ಅಳಿವೆಗೂ ಈ ಮಾತು ಸಲ್ಲುತ್ತದೆ.

ಆದ್ದರಿಂದ ದೋಣಿಯನ್ನು ಭರತದ ಗೆರೆಗಿಂತ ಸಾಕಷ್ಟು ಮೇಲಕ್ಕೆ ಎಳೆದುಕೊಳ್ಳಿ. ಕೆಳಗೆ ಟಾರ್ಪಾಲು ಹಾಸಿ, ಅಂಚುಗಳನ್ನು ಮರಳಿನ ಚೀಲದಿಂದ ಎತ್ತರಿಸಿ, ಉಜ್ಜಿದ ನೀರು ಅದರೊಳಗೇ ನಿಲ್ಲುವಂತೆ ಮಾಡಿ. ಕೆಸರು ಆರಿದ ಮೇಲೆ ಚಕ್ಕೆಗಳ ಜೊತೆ ಡಬ್ಬದಲ್ಲಿ ತುಂಬಿಡಿ. ಅದನ್ನು ಸುಡಬಾರದು, ತೆಂಗಿನ ಬುಡಕ್ಕೂ ಹಾಕಬಾರದು. ಎಲ್ಲಿಗೆ ಕೊಡಬೇಕೆಂದು ಸ್ಥಳೀಯ ಸಂಸ್ಥೆಯವರಲ್ಲಿ ಕೇಳಿ. ಒಣ ಧೂಳು ಏಳಿಸಲೇಬೇಡಿ. ಮುಖಕ್ಕೆ ಕಟ್ಟುವ ಬಟ್ಟೆ ಈ ಧೂಳಿಗೆ ಏನೂ ಅಲ್ಲ. ಬಿಗಿಯಾಗಿ ಕೂರುವ ಫಿಲ್ಟರ್ ಮಾಸ್ಕ್, ಕನ್ನಡಕ, ಕೈಗವಸು ಮೂರೂ ಬೇಕು. ಆ ಬಟ್ಟೆಯಲ್ಲೇ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಬೇಡಿ.

ಮರುಪ್ರಶ್ನೆ: ಪಂಚಗಂಗಾವಳಿ ತೀರ

ಇಬ್ಬರಿಗೂ ಕೃತಜ್ಞತೆಗಳು. ಅಂಟುಪಟ್ಟಿಯ ಪರೀಕ್ಷೆ ಮಾಡಿದೆ. ಮೇಲಿನ ನೀಲಿ ಬಣ್ಣ ಗಟ್ಟಿಯಾಗಿದೆ. ಅದನ್ನು ಉಜ್ಜಿ ಉಳಿಸಿಕೊಳ್ಳುತ್ತೇನೆ. ತಳದ ಕೆಂಪು ಬಣ್ಣ ಮಾತ್ರ ಪಟ್ಟಿಯೊಂದಿಗೆ ಎಲ್ಲ ಕಡೆಯೂ ಎದ್ದು ಬಂತು. ಹಿಂಬದಿಯ ಹತ್ತಿರ ಸ್ವಲ್ಪ ಜಾಗವನ್ನು ಕೆರೆದು ನೋಡಿದಾಗ ಕೆಂಪಿನ ಕೆಳಗೆ ಕಪ್ಪು, ಅದರ ಕೆಳಗೆ ಬೂದು ಪ್ರೈಮರ್, ಕೊನೆಗೆ ಬಿಳಿ ಜೆಲ್‌ಕೋಟ್ ಕಾಣಿಸಿತು.

ಚಿಂತೆಯ ವಿಷಯವೆಂದರೆ, ಆ ಬಿಳಿಯ ಮೇಲೆ ಕಡಲೆಕಾಳಿನ ಗಾತ್ರದ ಗುಳ್ಳೆಗಳಿವೆ. ಒಂದನ್ನು ಮೊಳೆಯಿಂದ ಚುಚ್ಚಿದಾಗ ಅಂಟಂಟಾದ ನೀರು ಹೊರಬಂತು, ವಿನೆಗರ್‌ನಂತೆ ಹುಳಿ ವಾಸನೆ ಬರುತ್ತದೆ. ಇದು ಬಣ್ಣದ ದೋಷವೇ, ದೋಣಿಯ ದೋಷವೇ? ಇದರ ಮೇಲೆಯೇ ಪುಟ್ಟಿ ಹಾಕಿ ಮುಚ್ಚಬಹುದೇ?

ಉತ್ತರ: ಕೊಚ್ಚಿಯಿಂದ ಕನ್ನಡಿಗ

ನಾನು ಕೊಚ್ಚಿಯ ಒಂದು ಫೈಬರ್ ದೋಣಿ ಯಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ನೀವು ಕಂಡದ್ದು ಬಣ್ಣದ ದೋಷವಲ್ಲ. ಇದಕ್ಕೆ ಆಸ್ಮೋಸಿಸ್ ಗುಳ್ಳೆ ಎನ್ನುತ್ತೇವೆ. ಜೆಲ್‌ಕೋಟ್ ನೀರನ್ನು ಪೂರ್ತಿ ತಡೆಯುವುದಿಲ್ಲ, ವರ್ಷಗಟ್ಟಲೆ ನೀರಿನಲ್ಲೇ ನಿಂತ ದೋಣಿಯಲ್ಲಿ ಆವಿಯ ರೂಪದಲ್ಲಿ ಸ್ವಲ್ಪ ಸ್ವಲ್ಪವೇ ಒಳಗೆ ಸೇರುತ್ತದೆ. ಒಳಗೆ ಸರಿಯಾಗಿ ಗಟ್ಟಿಯಾಗದ ರೆಸಿನ್ ಇದ್ದರೆ ನೀರು ಅದನ್ನು ನಿಧಾನವಾಗಿ ಒಡೆಯುತ್ತದೆ. ಹಾಗೆ ಒಡೆದಾಗ ಹುಟ್ಟುವ ಆಮ್ಲ ಮತ್ತು ಗ್ಲೈಕಾಲ್‌ಗಳು ಮತ್ತಷ್ಟು ನೀರನ್ನು ಎಳೆದುಕೊಳ್ಳುತ್ತವೆ, ಒತ್ತಡ ಏರಿ ಜೆಲ್‌ಕೋಟ್ ಉಬ್ಬುತ್ತದೆ. ಹುಳಿ ವಾಸನೆ ಬರುವುದು ಆ ಆಮ್ಲದಿಂದ. ಕಾಸ್ಟಿಕ್ ಸೋಡಾ ಕೆಲವು ಗಂಟೆಗಳಲ್ಲಿ ಮಾಡುವ ಹಾನಿಯನ್ನೇ ನೀರು ವರ್ಷಗಟ್ಟಲೆ ತೆಗೆದುಕೊಂಡು ಮಾಡುತ್ತದೆ.

ಕಾಳಿನ ಗಾತ್ರದ ಗುಳ್ಳೆಗಳಿಂದ ದೋಣಿ ಮುಳುಗುವುದಿಲ್ಲ, ಹೆದರಬೇಡಿ. ಆದರೆ ಹಾಗೆಯೇ ಪುಟ್ಟಿ ತುಂಬಿದರೆ ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಏಳುತ್ತವೆ. ತಳದ ಬಣ್ಣ ಪೂರ್ತಿ ಹೋದ ಮೇಲೆ ಬೆಳಕನ್ನು ಓರೆಯಾಗಿ ಹಾಯಿಸಿ ಎಲ್ಲ ಗುಳ್ಳೆಗಳಿಗೂ ಪೆನ್ಸಿಲ್‌ನಿಂದ ಗುರುತು ಹಾಕಿ. ಒಂದೊಂದನ್ನೂ ತೆರೆದು, ಗಟ್ಟಿ ಪದರ ಸಿಗುವವರೆಗೆ ಅಂಚುಗಳನ್ನು ಇಳಿಜಾರಾಗಿ ಬಿಡಿಸಿ. ಇಲ್ಲಿ ಮಾತ್ರ ಸಣ್ಣ ಬಿಟ್ ಹಾಕಿದ ಯಂತ್ರ ಬಳಸಬಹುದು.

ಅನಂತರದ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ತೆರೆದ ಗುಳ್ಳೆಗಳನ್ನು ಸಿಹಿನೀರಿನಿಂದ, ಸಾಧ್ಯವಾದರೆ ಬಿಸಿನೀರಿನಿಂದ, ದಿನಕ್ಕೊಮ್ಮೆಯಂತೆ ಹಲವು ಸಲ ತೊಳೆಯಬೇಕು. ಗ್ಲೈಕಾಲ್ ಬಿಸಿಲಿಗೆ ಹಾರಿಹೋಗುವ ವಸ್ತುವಲ್ಲ, ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಅದು ಒಳಗಿರುವವರೆಗೆ ದೋಣಿಯನ್ನು ಎಷ್ಟು ದಿನ ಒಣಗಿಸಿದರೂ ಆ ಗುಳಿಗಳು ಜಿನುಗುತ್ತಲೇ ಇರುತ್ತವೆ. ತೊಳೆದು ಒಣಗಿಸಿದ ಮೇಲೆ ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ತಳಕ್ಕೆ ಅಂಟಿಸಿ ಒಂದು ದಿನ ಬಿಡಿ. ಒಳಗಡೆ ಹನಿ ಕಟ್ಟಿದರೆ ಇನ್ನೂ ಒಣಗಿಲ್ಲವೆಂದೇ ಅರ್ಥ. ಹನಿ ಕಟ್ಟದಿದ್ದರೂ ಒಂದೇ ಕಡೆ ನೋಡಿ ನಿರ್ಧರಿಸಬೇಡಿ.

ಗುಳಿಗಳನ್ನು ಎಪಾಕ್ಸಿ ಎಂಬ ಬೇರೆ ಬಗೆಯ ರೆಸಿನ್ನಿನ ಪುಟ್ಟಿಯಿಂದಲೇ ತುಂಬಬೇಕು. ಕಾರಿನ ಬಾಡಿಗೆ ಬಳಸುವ ಪಾಲಿಯೆಸ್ಟರ್ ಪುಟ್ಟಿ ನೀರಿನ ಕೆಳಗೆ ಬಾಳುವುದಿಲ್ಲ. ಎಪಾಕ್ಸಿ ಗಟ್ಟಿಯಾದ ಮೇಲೆ ಮೈಮೇಲೆ ಮೇಣದಂಥ ಜಿಡ್ಡು ಬರಬಹುದು. ಅದು ನೀರಿನಲ್ಲಿ ಹೋಗುತ್ತದೆ, ಒರಟು ಪ್ಯಾಡಿನಿಂದ ತೊಳೆದೇ ಉಜ್ಜಬೇಕು. ಎಪಾಕ್ಸಿಯ ಮೇಲೆ ಮತ್ತೆ ಪಾಲಿಯೆಸ್ಟರ್ ಜೆಲ್‌ಕೋಟ್ ಹಚ್ಚುವ ಯೋಚನೆ ಬೇಡ, ಅದು ಸರಿಯಾಗಿ ಹಿಡಿಯುವುದಿಲ್ಲ. ಬದಲಿಗೆ ಇಡೀ ತಳಕ್ಕೆ ಎಪಾಕ್ಸಿ ಬ್ಯಾರಿಯರ್ ಪ್ರೈಮರನ್ನು ಒಣಗಿದ ಮೇಲೆ ಒಟ್ಟು 250 ಮೈಕ್ರಾನ್ (ಕಾಲು ಮಿಲಿಮೀಟರ್) ದಪ್ಪ ಉಳಿಯುವಂತೆ ಹಲವು ಕೋಟುಗಳಲ್ಲಿ ಹಚ್ಚಿ. ಒಂದೊಂದು ಕೋಟಿಗೂ ಛಾಯೆ ಸ್ವಲ್ಪ ಬದಲಿಸಿದರೆ ಎಲ್ಲಿ ಬಿಟ್ಟುಹೋಗಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಸವೆದುಹೋದ ಜೆಲ್‌ಕೋಟ್‌ನ ಕೆಲಸವನ್ನು ಇನ್ನು ಮುಂದೆ ಮಾಡುವುದು ಇದೇ ಪದರ.

ಮರುಪ್ರಶ್ನೆ: ಪಂಚಗಂಗಾವಳಿ ತೀರ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಋಣಿಯಾಗಿದ್ದೇನೆ. ಇನ್ನೊಂದೇ ಸಂದೇಹ. ನಮಗೆ ಬಿಡುವಿರುವುದು ನಿಷೇಧದ 61 ದಿನಗಳು ಮಾತ್ರ, ಅವೇ ಮಳೆಯ ದಿನಗಳು. ಆಗ ಇದೆಲ್ಲ ಸಾಧ್ಯವೇ?

ಉತ್ತರ: ಮಲ್ಪೆ ಫೈಬರ್ ಕೆಲಸ

ಕೆರೆಯುವುದಕ್ಕೂ ಒದ್ದೆಯಾಗಿ ಉಜ್ಜುವುದಕ್ಕೂ ಮಳೆಗಾಲ ಅಡ್ಡಿಯಲ್ಲ, ನೀರು ಟಾರ್ಪಾಲಿನಿಂದ ಹೊರಗೆ ಹರಿಯದಂತೆ ಮೇಲೆ ಮಾಡು ಇದ್ದರಾಯಿತು. ಒಣಗಿಸುವುದು ಮತ್ತು ಎಪಾಕ್ಸಿ ಹಚ್ಚುವುದು ಜೂನ್, ಜುಲೈಯಲ್ಲಿ ನಮ್ಮ ಕರಾವಳಿಯಲ್ಲಿ ಬಯಲಿನಲ್ಲಿ ಆಗುವ ಕೆಲಸವಲ್ಲ. ಗಾಳಿಯ ತೇವಾಂಶ ಶೇಕಡಾ 85 ದಾಟಿದಾಗ ಬಣ್ಣ ಹಚ್ಚಬಾರದೆಂಬುದು ಸಾಮಾನ್ಯ ನಿಯಮ, ಆ ತಿಂಗಳುಗಳಲ್ಲಿ ಅದಕ್ಕಿಂತ ಕೆಳಗಿಳಿಯುವ ಗಳಿಗೆಗಳೇ ಅಪರೂಪ.

ಒಂದು ತಿಂಗಳ ದುಡಿಮೆ ಬಿಡುವುದು ಸಣ್ಣ ಮಾತಲ್ಲ ಎಂದು ತಿಳಿದೇ ಹೇಳುತ್ತಿದ್ದೇನೆ: ಏಪ್ರಿಲ್ ಕೊನೆಗೇ ದೋಣಿಯನ್ನು ಎಳೆಯಿರಿ. ಮೇ ತಿಂಗಳ ಬಿಸಿಲಿನಲ್ಲಿ ಅದು ಚೆನ್ನಾಗಿ ಒಣಗುತ್ತದೆ. ಬೆಳಿಗ್ಗೆ ತಳ ತಂಪಾಗಿರುವಾಗ ಕೆಲಸ ಮಾಡಿ. ನೆತ್ತಿಯ ಬಿಸಿಲಿಗೆ ಮೈ ಕಾದರೆ ರಿಮೂವರ್ ಲೇಪ ಕೆಲಸ ಮಾಡುವ ಮೊದಲೇ ಒಣಗುತ್ತದೆ, ಎಪಾಕ್ಸಿ ಬಟ್ಟಲಿನಲ್ಲೇ ಗಟ್ಟಿಯಾಗುತ್ತದೆ. ಮುಂಗಾರು ಹಿಡಿಯುವುದರೊಳಗೆ ಬ್ಯಾರಿಯರ್ ಕೋಟು ಮುಗಿದಿದ್ದರೆ ದೋಣಿಯನ್ನು ಮಾಡಿನ ಕೆಳಗೆ ಕವುಚಿಡಬಹುದು. ಅದು ಸಾಧ್ಯವೇ ಇಲ್ಲವೆಂದರೆ ಈ ಮಳೆಗಾಲದಲ್ಲಿ ಸಡಿಲ ಬಣ್ಣವನ್ನು ಮಾತ್ರ ತೆಗೆದು, ಗುಳ್ಳೆಗಳನ್ನು ತೆರೆಯದೆ, ಇರುವುದರ ಮೇಲೆ ಒಂದು ಸುತ್ತು ಆಂಟಿಫೌಲಿಂಗ್ ಹಚ್ಚಿ ಒಂದು ವರ್ಷ ನಡೆಸಿ. ಒದ್ದೆ ದೋಣಿಗೆ ಎಪಾಕ್ಸಿ ಬಳಿದು ನೀರನ್ನು ಒಳಗೇ ಕಟ್ಟಿಹಾಕುವುದಕ್ಕಿಂತ ಅದು ಎಷ್ಟೋ ಮೇಲು.

ಬ್ಯಾರಿಯರ್‌ನ ಕೊನೆಯ ಕೋಟು ಪೂರ್ತಿ ಗಟ್ಟಿಯಾಗುವ ಮೊದಲೇ ಆಂಟಿಫೌಲಿಂಗ್‌ನ ಮೊದಲ ಕೋಟು ಬೀಳಬೇಕು. ಬೆರಳಿಟ್ಟರೆ ಅಂಟಿದಂತಾಗಬೇಕು, ಆದರೆ ಬೆರಳಿಗೆ ಬಣ್ಣ ಬರಬಾರದು; ಅದು ಸರಿಯಾದ ಸಮಯ. ತಡವಾದರೆ ಮತ್ತೆ ಉಜ್ಜಬೇಕಾಗುತ್ತದೆ. ಆಂಟಿಫೌಲಿಂಗ್ ಹಚ್ಚುವಾಗ ಔಟ್‌ಬೋರ್ಡಿನ ಕಾಲನ್ನು, ಅಂದರೆ ನೀರಿನೊಳಗೆ ಇಳಿಯುವ ಭಾಗವನ್ನು, ಕಾಗದ ಸುತ್ತಿ ಮುಚ್ಚಿಡಿ. ಅದು ಅಲ್ಯೂಮಿನಿಯಂ, ತಾಮ್ರದ ಬಣ್ಣ ತಾಗಿದರೆ ಉಪ್ಪುನೀರಿನಲ್ಲಿ ತಿಂದುಹೋಗುತ್ತದೆ. ಎಂಜಿನ್ನಿನ ಬದಲು ತಾನು ಸವೆಯಲೆಂದು ಹಾಕಿರುವ ಸತುವಿನ ತುಂಡು, ಅಂದರೆ ಆನೋಡ್ ಮೇಲೂ ಯಾವ ಬಣ್ಣವೂ ಬೀಳಬಾರದು.